ಬೀಗ ಹಾಕುವ ಮುಂಚೆ ಒಂದು ಕೊನೇ ಹಬ್ಬ: ಮಾಡುವವರಿಗೆ ಕೆಲವು ಮಾತು

ಬಾಡಿಗೆ ಕರಾರು ಮುಗಿಯುತ್ತಿದೆ, ಅಥವಾ ಓನರ್ ಕಟ್ಟಡ ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ, ಅಥವಾ ನಡೆಸುವವರಿಗೇ ಸಾಕಾಗಿದೆ. ಕಾರಣ ಏನೇ ಇರಲಿ, ನಿಮ್ಮ ಚಿಕ್ಕ ರಂಗಮನೆಯೋ, ಚಿತ್ರ ನೇತುಹಾಕುತ್ತಿದ್ದ ಹಾಲೋ, ಸಂಗೀತ ನಡೆಯುತ್ತಿದ್ದ ಮಹಡಿಯೋ ಮುಚ್ಚುತ್ತಿದೆ. ಆಗ ಯಾರೋ ಒಬ್ಬರು ಹೇಳೇ ಹೇಳುತ್ತಾರೆ, "ಸುಮ್ನೆ ಬೀಗ ಹಾಕೋದು ಬೇಡ, ಕೊನೆಗೊಂದು ಹಬ್ಬ ಮಾಡಿಬಿಡೋಣ" ಅಂತ. ಎಲ್ಲರೂ ಹೂಂ ಅನ್ನುತ್ತಾರೆ. ಕೆಲಸ ಯಾರು ಮಾಡುತ್ತಾರೆ ಅನ್ನುವುದು ಆಮೇಲಿನ ಮಾತು.

ಹಾಸನದಲ್ಲಿ ಗೆಳೆಯರು ಸೇರಿ ನಡೆಸುತ್ತಿದ್ದ ಒಂದು ಬಾಡಿಗೆ ಜಾಗಕ್ಕೆ ನಾವು ಇಂಥದ್ದೊಂದು ಹಬ್ಬ ಮಾಡಿದೆವು. ಆಮೇಲೆ ಅರಸೀಕೆರೆ, ಚಿಕ್ಕಮಗಳೂರು ಕಡೆಯವರು "ಹೇಗೆ ಮಾಡಿದ್ರಿ, ಏನೇನು ಬೇಕು" ಅಂತ ಕೇಳುತ್ತಲೇ ಇದ್ದಾರೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಪ್ರಕಾರ ಕೊನೇ ಹಬ್ಬಕ್ಕೆ ಇರುವ ಕೆಲಸ ಒಂದೇ. ಆ ಜಾಗದಲ್ಲಿ ಇಷ್ಟು ವರ್ಷ ಸೇರಿಕೊಂಡದ್ದನ್ನೆಲ್ಲ ಬೇರೆ ಕೈಗಳಿಗೆ ದಾಟಿಸುವುದು. ಲೈಟು, ಪರದೆ, ಹಳೇ ಫೋಟೋ, ನಾಟಕ ನೋಡುವ ಅಭ್ಯಾಸ ಹಿಡಿದ ಜನ, ಎಲ್ಲವನ್ನೂ. ಜೊತೆಗೆ ಬಾಕಿ ಇರುವ ಸಾಲ ತೀರಿಸುವುದು. ಕುಣಿತ, ಹಾಡು, ಊಟ, ಕಣ್ಣೀರು ಎಲ್ಲ ಇರಲಿ, ಅವು ತಾವಾಗೇ ಬರುತ್ತವೆ. ದಾಟಿಸುವ ಕೆಲಸ ಮಾತ್ರ ತಾನಾಗೇ ಆಗುವುದಿಲ್ಲ. ಅದಕ್ಕೆ ಪಟ್ಟಿ ಬೇಕು, ಹೊಣೆ ಹೊರುವ ಜನ ಬೇಕು, ತಾರೀಕು ಬೇಕು.

ಮೊದಲು ನಿಜವಾಗಿ ಮುಚ್ಚುತ್ತಿದ್ದೀರಾ ಅಂತ ತೀರ್ಮಾನ ಮಾಡಿ

ಇದು ತಮಾಷೆಯಲ್ಲ. ಅರ್ಧ ಜನ ಮನಸ್ಸಿನಲ್ಲೇ "ಹಬ್ಬ ನೋಡಿ ಯಾರಾದ್ರೂ ದೊಡ್ಡವರು ದುಡ್ಡು ಕೊಟ್ಟು ಉಳಿಸಬಹುದು" ಅಂದುಕೊಂಡಿರುತ್ತಾರೆ. ಉಳಿಸುವ ಆಸೆ ಇದ್ದರೆ ಅದಕ್ಕೆ ಬೇರೆ ಹೋರಾಟ ಮಾಡಿ, ಅದು ಬೇರೆ ಕೆಲಸ. ಎರಡನ್ನೂ ಒಂದೇ ಪಾಂಪ್ಲೆಟ್‌ನಲ್ಲಿ ಹಾಕಿದರೆ ನೋಡಲು ಬಂದವರಿಗೆ ತಾವು ಬೀಳ್ಕೊಡಲು ಬಂದಿದ್ದೇವೋ ಚಂದಾ ಕೊಡಲು ಬಂದಿದ್ದೇವೋ ಗೊತ್ತಾಗುವುದಿಲ್ಲ. ಕೊನೆಗೆ ಮುಚ್ಚಿದ ಮೇಲೆ "ಅಷ್ಟು ದುಡ್ಡು ಎತ್ತಿದ್ರಲ್ಲ, ಏನಾಯ್ತು?" ಅನ್ನುವ ಪ್ರಶ್ನೆ ಊರಲ್ಲಿ ಓಡಾಡುತ್ತದೆ.

ತೀರ್ಮಾನ ಆದ ಮೇಲೆ ಹೇಳುವ ಕ್ರಮ ಮುಖ್ಯ. ಫೇಸ್‌ಬುಕ್‌ನಲ್ಲಿ ಹಾಕುವ ಮುಂಚೆ ಕಸ ಗುಡಿಸುವ ಅಕ್ಕನಿಗೆ, ಎದುರಿನ ಟೀ ಅಂಗಡಿಯವರಿಗೆ, ಮೈಕ್‌ಸೆಟ್ ಅಣ್ಣನಿಗೆ, ಶನಿವಾರ ಮಕ್ಕಳಿಗೆ ಪಾಠ ಮಾಡುತ್ತಿದ್ದ ಮೇಷ್ಟ್ರಿಗೆ ಹೇಳಿ. ಅವರ ದುಡಿಮೆಗೂ ಇದರಿಂದ ಪೆಟ್ಟು ಬೀಳುತ್ತದೆ. ಅವರಿಗೆ ವಾಟ್ಸಾಪ್ ಫಾರ್ವರ್ಡ್‌ನಿಂದ ಸುದ್ದಿ ತಿಳಿಯಬಾರದು, ಅಷ್ಟೆ.

ಓನರ್ ಹತ್ತಿರ ಕೀಲಿ ಕೊಡುವ ತಾರೀಕನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಹಬ್ಬ ಮುಗಿಯುವ ದಿನಕ್ಕೂ ಕೀಲಿ ಕೊಡುವ ದಿನಕ್ಕೂ ನಡುವೆ ಕಡಿಮೆ ಅಂದರೂ ಎರಡು ವಾರ ಇರಲಿ. ಭಾನುವಾರ ರಾತ್ರಿ ನಾಟಕ, ಸೋಮವಾರ ಬೆಳಿಗ್ಗೆ ಖಾಲಿ ಮಾಡ್ತೀವಿ ಅನ್ನುವವರನ್ನು ನಂಬಬೇಡಿ, ಸೋಮವಾರ ಯಾರೂ ಏಳುವುದೇ ಇಲ್ಲ. ಅಡ್ವಾನ್ಸ್ ವಾಪಸ್ ಎಷ್ಟು, ಸುಣ್ಣಬಣ್ಣಕ್ಕೆ ಎಷ್ಟು ಹಿಡಿದುಕೊಳ್ಳುತ್ತಾರೆ, ಗೋಡೆಗೆ ಹೊಡೆದ ಕಬ್ಬಿಣದ ಪೈಪು ಬಿಟ್ಟು ಹೋಗಬೇಕಾ ಕಿತ್ತುಕೊಂಡು ಹೋಗಬೇಕಾ, ಇದೆಲ್ಲ ಹಬ್ಬಕ್ಕೆ ಮುಂಚೆಯೇ ಮಾತಾಡಿ. ಓನರನ್ನೂ ಹಬ್ಬಕ್ಕೆ ಕರೆಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ. ಎಷ್ಟೋ ಓನರ್‌ಗಳು ತಮ್ಮ ಕಟ್ಟಡದಲ್ಲಿ ಏನು ನಡೆಯುತ್ತಿತ್ತು ಅಂತ ಒಂದು ದಿನವೂ ಬಂದು ನೋಡಿರುವುದಿಲ್ಲ.

ತಾರೀಕು

ನಮ್ಮ ಜಿಲ್ಲೆಯಲ್ಲಿ ಖಾಲಿ ತಿಂಗಳು ಅಂತ ಒಂದೂ ಇಲ್ಲ. ಜೂನ್‌ನಿಂದ ಆಗಸ್ಟ್ ಮಳೆ. ತಗಡಿನ ಛಾವಣಿ ಇದ್ದರೆ ಸಂಭಾಷಣೆ ಕೇಳಿಸುವುದಿಲ್ಲ, ಸಕಲೇಶಪುರ ಕಡೆಯವರು ರಾತ್ರಿ ವಾಪಸ್ ಹೋಗುವ ಯೋಚನೆಯಲ್ಲೇ ಇರುತ್ತಾರೆ. ಹಾಸನಾಂಬ ದೇವಸ್ಥಾನದ ಬಾಗಿಲು ವರ್ಷಕ್ಕೊಮ್ಮೆ ದೀಪಾವಳಿ ಆಸುಪಾಸಿನಲ್ಲಿ ತೆಗೆಯುತ್ತದಲ್ಲ, ಆ ದಿನಗಳಲ್ಲಿ ಪೇಟೆಯೊಳಗೆ ಗಾಡಿ ಓಡಿಸುವುದೇ ಕಷ್ಟ, ಲಾಡ್ಜ್ ಸಿಗುವುದಿಲ್ಲ, ಹೊರಗಿನಿಂದ ಕಲಾವಿದರನ್ನು ಕರೆಸುವ ಮಾತೇ ಬೇಡ. ನವೆಂಬರ್ ತುಂಬ ರಾಜ್ಯೋತ್ಸವ. ಒಂದನೇ ತಾರೀಕಿಗೆ ಶುರುವಾದರೆ ಮೂವತ್ತರ ತನಕ ಬೀದಿ ಬೀದಿಯಲ್ಲೂ ಆರ್ಕೆಸ್ಟ್ರಾ, ಮೈಕ್‌ಸೆಟ್‌ನವರು ಕೈಗೆ ಸಿಗುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕೊಯ್ಲು, ಹಾಗಾಗಿ ಆಲೂರು, ಬೇಲೂರು, ಸಕಲೇಶಪುರದ ತೋಟದವರು ಬರುವುದು ಕಷ್ಟ. ಚಿಕ್ಕಮಗಳೂರಿನಲ್ಲಂತೂ ಇದು ಇನ್ನೂ ಜಾಸ್ತಿ. ಮಾರ್ಚ್ ಬಂತು ಅಂದರೆ ಪರೀಕ್ಷೆ. ಏಪ್ರಿಲ್, ಮೇನಲ್ಲಿ ಮದುವೆ, ಶಾಮಿಯಾನದವರು ಅಡುಗೆಯವರು ಇಬ್ಬರೂ ಬುಕ್ ಆಗಿರುತ್ತಾರೆ.

ಹಾಗಾಗಿ ಒಳ್ಳೇ ತಿಂಗಳು ಹುಡುಕುತ್ತಾ ಕೂರಬೇಡಿ. ಕರಾರು ಯಾವಾಗ ಮುಗಿಯುತ್ತದೋ ಅದಕ್ಕೆ ಹಿಂದೆ ಎಣಿಸಿ. ನಿಮ್ಮ ಖಾಯಂ ಪ್ರೇಕ್ಷಕರು ಯಾರು ಅಂತ ನೋಡಿ. ಕಾಲೇಜು ಹುಡುಗರಾ? ಹಾಗಾದರೆ ಪರೀಕ್ಷೆ ತಪ್ಪಿಸಿ. ತೋಟದವರಾ? ಕೊಯ್ಲು ತಪ್ಪಿಸಿ. ಎಲ್ಲರನ್ನೂ ಮೆಚ್ಚಿಸಲು ಆಗುವುದಿಲ್ಲ. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿ, ಮೂರು ದಿನ ಸಾಕು. ಹತ್ತು ದಿನ ಮಾಡುವ ಉತ್ಸಾಹ ಬರುತ್ತದೆ, ಆದರೆ ನಾಲ್ಕನೇ ದಿನಕ್ಕೆ ದುಡಿಯುವವರು ನಾಲ್ಕೇ ಜನ ಉಳಿದಿರುತ್ತಾರೆ.

ಯಾರನ್ನು ಕರೆಯಬೇಕು

ದೊಡ್ಡ ಹೆಸರಿನವರನ್ನು ಬೆಂಗಳೂರಿನಿಂದ ಕರೆಸುವ ಆಸೆ ಬಿಡಿ. ಅವರ ಕಾರು, ಲಾಡ್ಜು, ಊಟದ ಖರ್ಚಿನಲ್ಲಿ ನಿಮ್ಮ ಅರ್ಧ ಸಾಲ ತೀರುತ್ತದೆ. ಆ ಜಾಗದಲ್ಲಿ ಮೊದಲ ಸಲ ಸ್ಟೇಜ್ ಹತ್ತಿದವರನ್ನು ಹುಡುಕಿ. ಆಗ ಏಳನೇ ಕ್ಲಾಸಿನಲ್ಲಿ ಮರದ ಪಾತ್ರ ಮಾಡಿದ್ದ ಹುಡುಗಿ ಈಗ ಎಲ್ಲೋ ನರ್ಸ್ ಆಗಿರುತ್ತಾಳೆ. ಅವಳಿಗೆ ರಜೆ ಸಿಗಬೇಕು, ಅದಕ್ಕೇ ಎರಡು ತಿಂಗಳು ಮೊದಲೇ ಹೇಳಬೇಕು.

ಹಳೇ ನಾಟಕವನ್ನು ಮತ್ತೆ ಆಡುವುದು ಅಂದುಕೊಂಡಷ್ಟು ಸುಲಭ ಅಲ್ಲ. ನಟರು ಒಬ್ಬರು ಮೈಸೂರು, ಒಬ್ಬರು ಮಂಗಳೂರು, ಒಬ್ಬರು ಬೆಂಗಳೂರಿನಲ್ಲಿ ಐಟಿ. ಪೂರ್ತಿ ನಾಟಕ ಕಟ್ಟಲು ಮೂರು ವಾರದ ತಾಲೀಮಾದರೂ ಬೇಕು, ವೀಡಿಯೋ ಕಾಲ್‌ನಲ್ಲಿ ಮಾತು ಒಪ್ಪಿಸಬಹುದು, ಚಲನೆ ಆಗುವುದಿಲ್ಲ. ಅದಕ್ಕೆ ಇಡೀ ನಾಟಕ ಅಂತ ಒಂದೇ ಇಟ್ಟುಕೊಳ್ಳಿ. ಉಳಿದವುಗಳಿಂದ ಇಪ್ಪತ್ತು ನಿಮಿಷದ ಒಂದೊಂದು ದೃಶ್ಯ ಸಾಕು. ಪಾತ್ರ ಮಾಡಿದ್ದವರು ತೀರಿಕೊಂಡಿದ್ದರೆ ಆ ಪಾತ್ರವನ್ನು ಇನ್ನೊಬ್ಬರು ಪುಸ್ತಕ ಹಿಡಿದು ಓದಲಿ. ಜನ ಅದನ್ನೇ ಜಾಸ್ತಿ ಮನಸ್ಸಿಟ್ಟು ಕೇಳುತ್ತಾರೆ.

ಇನ್ನೊಂದು ವಿಷಯ. ನಮ್ಮಂಥ ಜಾಗ ನಡೆಸುವವರಿಗೆ ಒಂದು ಸಣ್ಣ ಜಂಭ ಇರುತ್ತದೆ, "ನಾವು ಹೊಸ ಅಲೆಯವರು" ಅಂತ. ಆದರೆ ಹಾಸನ ಸೀಮೆಯಲ್ಲಿ ನಿಜವಾಗಿ ನಾಟಕ ಬದುಕಿಸಿಕೊಂಡು ಬಂದವರು ಪೌರಾಣಿಕ ನಾಟಕದ ಹಳ್ಳಿ ತಂಡದವರು. ಪಾತ್ರಧಾರಿಗಳೇ ಪಾತ್ರಕ್ಕೆ ಇಂತಿಷ್ಟು ಅಂತ ಕೈಯಿಂದ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಸೀನರಿ ಬಾಡಿಗೆಗೆ ತಂದು ರಾತ್ರಿಯಿಡೀ ಆಡುತ್ತಾರೆ. ಟಿಕೆಟ್ ಇಲ್ಲ, ಗ್ರಾಂಟ್ ಇಲ್ಲ. ಕೊನೇ ಹಬ್ಬದ ಒಂದು ಸಂಜೆಯನ್ನು ಅವರಿಗೆ ಕೊಡಿ. ಎರಡು ಗಂಟೆಗೆ ಇಳಿಸಿದ ಕುರುಕ್ಷೇತ್ರದ ದೃಶ್ಯಗಳು, ಕಂದ ಪದ್ಯ ಸಹಿತ. ಬಯಲುಸೀಮೆಯ ಮೂಡಲಪಾಯ ಯಕ್ಷಗಾನದ ಮೇಳ ಸಿಕ್ಕರೆ ಇನ್ನೂ ಒಳ್ಳೆಯದು. ಚಿಕ್ಕಮಗಳೂರಿನವರಾದರೆ ಕಡೂರು ಕಡೆಯ ವೀರಗಾಸೆ, ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹಾಡಿಕೊಂಡು ಬರುವ ಕೊಪ್ಪ ಶೃಂಗೇರಿ ಕಡೆಯ ಅಂಟಿಗೆ ಪಂಟಿಗೆಯವರು ಇದ್ದಾರೆ. ಅವರಿಗೆ ಸಂಭಾವನೆ ಕವರ್‌ನಲ್ಲಿ ಹಾಕಿ ಅವತ್ತೇ ಕೊಡಿ. "ಬಿಲ್ ಪಾಸಾಗಲಿ" ಅನ್ನುವ ಮಾತನ್ನು ಅವರು ಸರ್ಕಾರಿ ಕಾರ್ಯಕ್ರಮಗಳಲ್ಲಿ ಬೇಕಾದಷ್ಟು ಕೇಳಿದ್ದಾರೆ.

ಭಾಷಣ ಎಷ್ಟಿರಬೇಕು? ಉದ್ಘಾಟನೆಯೇ ಬೇಡ ಅಂತ ನನ್ನ ಅಭಿಪ್ರಾಯ. ಮುಚ್ಚುವ ಜಾಗಕ್ಕೆ ಎಂಥ ಉದ್ಘಾಟನೆ! ಆದರೂ ಕಮಿಟಿಯಲ್ಲಿ ಯಾರಾದರೂ ಹಟ ಹಿಡಿಯುತ್ತಾರೆ. ಆಗ ಒಂದು ನಿಯಮ ಹಾಕಿ: ಸ್ಟೇಜ್ ಮೇಲೆ ಕುರ್ಚಿ ಇಡುವುದಿಲ್ಲ. ಕುರ್ಚಿ ಇಲ್ಲದಿದ್ದರೆ ಹದಿನಾಲ್ಕು ಜನ ಗಣ್ಯರು ಹತ್ತುವುದಿಲ್ಲ, ನಿಂತು ಮಾತಾಡುವವರು ಬೇಗ ಮುಗಿಸುತ್ತಾರೆ. ಜನಪ್ರತಿನಿಧಿಗಳು ಬಂದರೆ ಸಂತೋಷ, ಬರಲು ತಡವಾದರೆ ಕಾಯಬೇಡಿ. ನಾಟಕದ ಟೈಮ್‌ಗೆ ಪರದೆ ಏಳಬೇಕು. ಪೇಟ, ಶಾಲು, ಹಣ್ಣಿನ ಬುಟ್ಟಿ ಸನ್ಮಾನ ಬೇಡ. ಎಲ್ಲರ ಮನೆಯಲ್ಲೂ ಶಾಲು ರಾಶಿ ಬಿದ್ದಿದೆ. ಲೈಟ್ ಹಿಡಿದವರು, ಗುಡಿಸಿದವರು, ರಾತ್ರಿ ಹನ್ನೊಂದಕ್ಕೆ ನಟಿಯರನ್ನು ಮನೆಗೆ ಬಿಟ್ಟುಬರುತ್ತಿದ್ದ ಆಟೋದವರು, ಇವರ ಹೆಸರನ್ನು ಎರಡು ನಾಟಕದ ನಡುವೆ ಕರೆದು, ಕೈಗೆ ಒಂದು ಕವರ್ ಕೊಡಿ. ಕವರ್‌ನಲ್ಲಿ ದುಡ್ಡಿರಲಿ.

ಪರ್ಮಿಷನ್ನು, ಹಕ್ಕು, ಟಿಕೆಟ್ಟು

ಪೊಲೀಸ್ ಠಾಣೆಗೆ ಒಂದು ಅರ್ಜಿ ಕೊಡಿ. ಯಾವ ದಿನ, ಎಷ್ಟು ಹೊತ್ತು, ಎಷ್ಟು ಜನ, ಮೈಕ್ ಇದೆಯಾ ಅಂತ ಬರೆಯಿರಿ. ಮೈಕ್‌ಗೆ ಬರವಣಿಗೆಯಲ್ಲಿ ಅನುಮತಿ ತೆಗೆದುಕೊಂಡು ಒಂದು ಪ್ರತಿ ಬಾಗಿಲಲ್ಲಿ ಇಟ್ಟುಕೊಳ್ಳಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ವಿನಾಯಿತಿ ಇದೆ. ಆದರೆ ನಿಮ್ಮ ಹಾಲ್‌ಗೆ ತಗಡಿನ ಛಾವಣಿ, ಮುರಿದ ಕಿಟಕಿ ಇದ್ದರೆ ಅದನ್ನು ಮುಚ್ಚಿದ ಸಭಾಂಗಣ ಅಂತ ಪಕ್ಕದ ಮನೆಯ ಅಜ್ಜಿ ಒಪ್ಪುವುದಿಲ್ಲ. ನೂರು ಜನ ಕೂರುವ ಹಾಲ್‌ಗೆ ಹಾರ್ಮೋನಿಯಂ ತಬಲಾ ಮೈಕ್ ಇಲ್ಲದೆಯೇ ಕೇಳಿಸುತ್ತದೆ. ಹತ್ತು ಗಂಟೆ ಆದ ಮೇಲೆ ಮೈಕ್ ಆಫ್ ಮಾಡಿ ಆಡಿ. ಅದರ ಮಜಾನೇ ಬೇರೆ.

ನಾಟಕದ ಹಕ್ಕಿನ ವಿಷಯಕ್ಕೆ ಜನ ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಡಿಸಿಕೊಳ್ಳಬೇಕು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ವರ್ಷದಿಂದ ಮುಂದಿನ 60 ವರ್ಷ ಕೃತಿಯ ಹಕ್ಕು ಅವರ ವಾರಸುದಾರರದ್ದು. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಹಾಗಾಗಿ ಅವರ ನಾಟಕಗಳನ್ನು ಯಾರನ್ನೂ ಕೇಳದೆ ಆಡಬಹುದು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅವರ ಕೃತಿಗಳ ಹಕ್ಕು 2054ರ ಕೊನೆಯ ತನಕ ಇದೆ. ಹವ್ಯಾಸಿ ತಂಡ ದುಡ್ಡು ತೆಗೆದುಕೊಳ್ಳದೆ ಪ್ರೇಕ್ಷಕರ ಮುಂದೆ ಆಡಿದರೆ ಕಾನೂನಿನಲ್ಲಿ ವಿನಾಯಿತಿ ಇದೆ, ಟಿಕೆಟ್ ಇಟ್ಟ ಕೂಡಲೇ ಅದು ಹೋಯಿತು. ವಿನಾಯಿತಿ ಇದ್ದರೂ ಬದುಕಿರುವ ನಾಟಕಕಾರರಿಗೆ ಒಂದು ಫೋನ್ ಮಾಡಿ, ಸಣ್ಣದಾದರೂ ಗೌರವಧನ ಕಳಿಸಿ. ಇಷ್ಟು ವರ್ಷ ಕೇಳದೇ ಆಡಿದ್ದರೆ ಈಗಲಾದರೂ ಕೊಡಬಹುದು ಅಲ್ವಾ.

ಟಿಕೆಟ್ ಇಡಬೇಕಾ? ಇಡಿ. ನೂರು ರೂಪಾಯಿ ಇಡಿ, ಕೊಡಲಾಗದವರಿಗೆ ಬಿಟ್ಟಿ ಅಂತ ಬೋರ್ಡ್‌ನಲ್ಲೇ ಬರೆಯಿರಿ. ನಾಟಕ, ನೃತ್ಯ, ಸಂಗೀತಕ್ಕೆ ತಲೆಗೆ 500 ರೂಪಾಯಿ ಮೀರದ ಟಿಕೆಟ್‌ಗೆ ಜಿಎಸ್‌ಟಿ ವಿನಾಯಿತಿ ಇದೆ. ನಮ್ಮೂರಲ್ಲಿ ನಾಟಕಕ್ಕೆ ಐನೂರು ಇಟ್ಟರೆ ಟಿಕೆಟ್ ಹರಿಯುವವನೊಬ್ಬನೇ ಒಳಗಿರುತ್ತಾನೆ, ಆ ಮಾತು ಬೇರೆ.

ಜನ ಬರುತ್ತಾರೆ, ಅನುಮಾನ ಬೇಡ. ಮುಚ್ಚುತ್ತಿದೆ ಅಂದ ಕೂಡಲೇ ಐದು ವರ್ಷದಿಂದ ಮುಖ ತೋರಿಸದವರೆಲ್ಲ ಬರುತ್ತಾರೆ. "ಅಯ್ಯೋ, ಮೊದಲೇ ಹೇಳಬಾರದಿತ್ತಾ?" ಅನ್ನುತ್ತಾರೆ. ಆಗ ಮೈಕ್ ಹಿಡಿದು "ಇಷ್ಟು ಜನ ಪ್ರತಿ ಶನಿವಾರ ಬಂದಿದ್ದರೆ" ಅಂತ ಚುಚ್ಚುವ ಆಸೆ ಆಗುತ್ತದೆ. ನುಂಗಿಕೊಳ್ಳಿ. ಅವರೇ ಲೈಟು ಕೊಂಡುಕೊಳ್ಳುವವರು, ಅವರೇ ಮುಂದಿನ ನಾಟಕಕ್ಕೆ ಜಾಗ ಕೊಡುವವರು.

ಆದರೆ ಹಾಲ್ ದೊಡ್ಡದಾಗುವುದಿಲ್ಲ. ನೂರು ಜನದ ಜಾಗಕ್ಕೆ ಮುನ್ನೂರು ಜನ ಬಂದರೆ ಅಪಾಯ. ಕೊನೇ ದಿನದ ನಾಟಕವನ್ನು ನಾಲ್ಕು ಗಂಟೆಗೆ ಒಂದು, ಏಳು ಗಂಟೆಗೆ ಇನ್ನೊಂದು ಅಂತ ಎರಡು ಪ್ರದರ್ಶನ ಮಾಡಿ. ಎರಡೂ ಬಾಗಿಲು ತೆರೆದಿರಲಿ, ಬಾಗಿಲ ಹತ್ತಿರ ಚಪ್ಪಲಿ ರಾಶಿ ಬೀಳದ ಹಾಗೆ ಒಬ್ಬ ಹುಡುಗನನ್ನು ನಿಲ್ಲಿಸಿ, ನೆಲದ ಮೇಲಿನ ವೈರ್‌ಗೆಲ್ಲ ಟೇಪ್ ಅಂಟಿಸಿ. ಬೆಂಕಿ ಆರಿಸುವ ಸಿಲಿಂಡರ್ ತಾರೀಕು ಮುಗಿದಿದೆಯಾ ನೋಡಿ, ಖಂಡಿತ ಮುಗಿದಿರುತ್ತದೆ.

ಕರೆಂಟ್ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ. ಸ್ಟೇಜ್‌ಗೆ ಬೆಳಕು ಬಿಡುವ ಸಾವಿರ ವಾಟ್‌ನ ಹನ್ನೆರಡು ಪಾರ್ ಲೈಟ್ ಒಟ್ಟಿಗೆ ಉರಿದರೆ 12 ಕಿಲೋವಾಟ್. ಅದಕ್ಕೆ 15 ಕೆವಿಎ ಜನರೇಟರ್ ಬರೋಬ್ಬರಿ ಆಗುತ್ತದೆ, ಸೌಂಡು ಫ್ಯಾನು ಸೇರಿದರೆ ಉಸಿರು ಕಟ್ಟುತ್ತದೆ. 25 ಕೆವಿಎದು ತರಿಸಿ, ಕಟ್ಟಡದಿಂದ ದೂರ ನಿಲ್ಲಿಸಿ, ಡೀಸೆಲ್ ಯಾರ ಲೆಕ್ಕ ಅಂತ ಮೊದಲೇ ಕೇಳಿ.

ಸಾಮಾನು ಹಂಚುವುದು

ಈ ಭಾಗಕ್ಕೆ ಒಬ್ಬರನ್ನು ಪೂರ್ತಿ ಬಿಡಿ. ಕಾರ್ಯಕ್ರಮದ ತಲೆಬಿಸಿ ಅವರಿಗೆ ಇರಬಾರದು. ಹಬ್ಬಕ್ಕೆ ತಿಂಗಳು ಇರುವಾಗಲೇ ಎಲ್ಲ ಸಾಮಾನಿನ ಪಟ್ಟಿ ಮಾಡಿ, ಮೂರು ಭಾಗ ಮಾಡಿ: ಮಾರುವುದು, ಕೊಡುವುದು, ಎರವಲು ತಂದದ್ದು. ಮೂರನೆಯದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತದೆ. ಆ ಹಿತ್ತಾಳೆ ದೀಪ ಯಾರ ಮನೆಯದ್ದು, ಆ ಮಂಚ ಯಾವ ನಾಟಕಕ್ಕೆ ಬಂದದ್ದು, ಯಾರಿಗೂ ನೆನಪಿರುವುದಿಲ್ಲ. ಬಾಗಿಲ ಹತ್ತಿರ ಎಲ್ಲ ಸಾಲಾಗಿ ಜೋಡಿಸಿ "ನಿಮ್ಮದಾದರೆ ತೆಗೆದುಕೊಂಡು ಹೋಗಿ" ಅಂತ ಚೀಟಿ ಹಾಕಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಕೊಡುವಾಗ ಯಾರಿಗೆ ಏನು ಉಪಯೋಗ ಅಂತ ನೋಡಿ ಕೊಡಿ. ಹಳ್ಳಿ ಶಾಲೆಗೆ ಹ್ಯಾಲೊಜನ್ ಪಾರ್ ಲೈಟ್ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಸುಲಭ. ಶಾಲೆಯ ಸಾಮಾನ್ಯ ಪ್ಲಗ್ 6 ಆಂಪ್ಸ್‌ದು. ಸಾವಿರ ವಾಟ್‌ನ ಒಂದೇ ಲೈಟು ನಾಲ್ಕಕ್ಕಿಂತ ಜಾಸ್ತಿ ಆಂಪ್ಸ್ ಎಳೆಯುತ್ತದೆ. ಎರಡು ಹಾಕಿದರೆ ಹಳೇ ವೈರಿಂಗ್ ಸುಡುತ್ತದೆ, ಆಮೇಲೆ ಹೆಡ್‌ಮೇಷ್ಟ್ರು ಅದನ್ನು ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ. ಹ್ಯಾಲೊಜನ್‌ಗಳನ್ನು ಡಿಮ್ಮರ್ (ಬೆಳಕು ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ) ಇರುವ, ಲೈಟಿಂಗ್ ಗೊತ್ತಿರುವ ತಂಡಕ್ಕೆ ಕೊಡಿ. ಶಾಲೆಗೆ ಎಲ್‌ಇಡಿ ಪಾರ್ ಎರಡು ಕೊಡಿ, ನೂರು ನೂರೈವತ್ತು ವಾಟ್‌ನಲ್ಲಿ ಕೆಲಸ ಆಗುತ್ತದೆ, ಮಕ್ಕಳು ಮುಟ್ಟಿದರೂ ಹ್ಯಾಲೊಜನ್ ಥರ ಕೈ ಸುಡುವುದಿಲ್ಲ.

ಕಪ್ಪು ಪರದೆಗೂ ಇದೇ ಮಾತು. ದಪ್ಪ ಹತ್ತಿ ಬಟ್ಟೆಯ ಪರದೆ ಸಕಲೇಶಪುರದ ಶಾಲೆಗೆ ಹೋದರೆ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಅದನ್ನು ಅರಸೀಕೆರೆ ಕಡೆಗೆ ಕಳಿಸಿ, ಒಣ ಹವೆ, ಹತ್ತು ವರ್ಷ ಬಾಳುತ್ತದೆ. ಮಲೆನಾಡಿನ ಶಾಲೆಗೆ ಪ್ಲಾಸ್ಟಿಕ್ ಕುರ್ಚಿ, ಅಲ್ಯೂಮಿನಿಯಂ ಏಣಿ, ತುಕ್ಕು ಹಿಡಿಯದ ಸ್ಟ್ಯಾಂಡ್ ಕೊಡಿ. ಒಂದೇ ಜಿಲ್ಲೆಯಲ್ಲಿ ಎರಡು ಹವೆ ಇರುವುದು ಇಂಥ ಕಡೆ ಕೆಲಸಕ್ಕೆ ಬರುತ್ತದೆ.

ಮಾರುವ ಸಾಮಾನಿಗೆ ಬೆಲೆ ಚೀಟಿ ಅಂಟಿಸಿಬಿಡಿ, ಚೌಕಾಸಿಗೆ ಕೂರಬೇಡಿ. ಆದರೆ ಹರಾಜು ಅಂತ ಒಂದು ಅರ್ಧ ಗಂಟೆ ಇಡಿ, ಗಂಟಲು ಇರುವ ಒಬ್ಬ ನಟ ಸಾಕು. ಮುರಿದ ಗದೆ, ತಗಡಿನ ಕಿರೀಟ, ಹಳೇ ನಾಟಕದ ಕೈಬರಹದ ಪೋಸ್ಟರ್, ಇಂಥವಕ್ಕೆ ಜನ ಖುಷಿಯಾಗಿ ಕೂಗುತ್ತಾರೆ. ಮಿಕ್ಸರ್, ಆಂಪ್ಲಿಫೈಯರ್ ಥರದ ಬೆಲೆಬಾಳುವ ವಸ್ತು ಹರಾಜಿಗೆ ಹಾಕಬೇಡಿ, ಗೊತ್ತಿರುವವರಿಗೆ ಬಿಲ್ ಬರೆದು ಮಾರಿ.

ನೀವು ನೋಂದಾಯಿತ ಸಂಘ ಆಗಿದ್ದರೆ ಒಂದು ಎಚ್ಚರ. ಸಂಘ ಮುಚ್ಚುವಾಗ ಸಾಲ ತೀರಿಸಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು. "ಈ ಸ್ಪೀಕರ್ ನಾನೇ ತಂದದ್ದು, ನಾನು ಒಯ್ತೀನಿ" ಅನ್ನುವವರಿಗೆ ಬಿಲ್ ಯಾರ ಹೆಸರಲ್ಲಿದೆ ಅಂತ ಕೇಳಿ. ಸರ್ವ ಸದಸ್ಯರ ಸಭೆ ಕರೆದು, ಯಾರಿಗೆ ಏನು ಅಂತ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಈ ಸಭೆ ಹಬ್ಬಕ್ಕೆ ಮುಂಚೆಯೇ ಆಗಲಿ. ಆಮೇಲೆ ಕೋರಂ, ಅಂದರೆ ಸಭೆಗೆ ಬೇಕಾದಷ್ಟು ಸದಸ್ಯರು, ಸಿಗುವುದಿಲ್ಲ.

ಫೋಟೋ ಮೇಜು

ಇಡೀ ಹಬ್ಬದಲ್ಲಿ ಖರ್ಚಿಲ್ಲದೆ ಅತೀ ಜಾಸ್ತಿ ಲಾಭ ಕೊಡುವ ಕೆಲಸ ಇದು. ಪ್ರತಿ ರಂಗತಂಡದ ಹತ್ತಿರ ಒಂದು ರಟ್ಟಿನ ಡಬ್ಬ ಫೋಟೋ ಇರುತ್ತದೆ. ಹಿಂದೆ ಏನೂ ಬರೆದಿರುವುದಿಲ್ಲ. ಪಾಂಪ್ಲೆಟ್‌ಗಳದ್ದು ಇನ್ನೊಂದು ಕಥೆ: "ದಿನಾಂಕ 14 ಶನಿವಾರ ಸಂಜೆ 6.30ಕ್ಕೆ, ಎಲ್ಲರಿಗೂ ಆದರದ ಸ್ವಾಗತ" ಅಂತ ಇರುತ್ತದೆ, ಯಾವ ವರ್ಷ ಅಂತ ಇರುವುದಿಲ್ಲ!

ಎರಡು ಉದ್ದ ಮೇಜು ಹಾಕಿ, ಫೋಟೋಗಳನ್ನೆಲ್ಲ ಹರಡಿ. ಒಂದೊಂದಕ್ಕೂ ನಂಬರ್ ಚೀಟಿ. ಪಕ್ಕದಲ್ಲಿ ನೋಟ್‌ಬುಕ್, ಪೆನ್ಸಿಲ್. "ಇದರಲ್ಲಿ ಯಾರಿದ್ದಾರೆ, ಯಾವ ನಾಟಕ, ಯಾವ ವರ್ಷ, ಗೊತ್ತಿದ್ದರೆ ಬರೆಯಿರಿ" ಅಂತ ಬೋರ್ಡ್. ಫೋಟೋ ಹಿಂದೆ ಬರೆಯುವುದಾದರೆ ಪೆನ್ಸಿಲ್‌ನಲ್ಲೇ ಬರೆಯಬೇಕು, ಪೆನ್ನಿನ ಶಾಯಿ ವರ್ಷ ಕಳೆದ ಹಾಗೆ ಮುಂದಕ್ಕೆ ಇಳಿಯುತ್ತದೆ. ಮೂರು ದಿನ ಆ ಮೇಜಿನ ಸುತ್ತ ಜನ ಮುತ್ತಿಕೊಂಡಿರುತ್ತಾರೆ. ಜಗಳ ಆಗುತ್ತದೆ, "ಅವನಲ್ಲ ಕಣೋ, ಅವನ ತಮ್ಮ" ಅಂತ. ಎರಡೂ ಹೆಸರು ಬರೆದುಕೊಳ್ಳಿ. ಅಲ್ಲೇ ಪಕ್ಕದಲ್ಲಿ ಒಬ್ಬ ಹುಡುಗ ಫೋನ್ ರೆಕಾರ್ಡರ್ ಇಟ್ಟುಕೊಂಡು ಕೂತರೆ ಹಿರಿಯರು ಹೇಳುವ ಕಥೆಯೂ ಸಿಗುತ್ತದೆ. ಕೇಳಿ, ಒಪ್ಪಿಗೆ ತೆಗೆದುಕೊಂಡು ರೆಕಾರ್ಡ್ ಮಾಡಿ.

ವೀಡಿಯೋ ವಿಷಯಕ್ಕೆ ಬಂದರೆ ಹಳೇ ಸಿಡಿ, ಡಿವಿಡಿಗಳನ್ನು ಈಗಲೇ ಹಾರ್ಡ್‌ಡಿಸ್ಕ್‌ಗೆ ಇಳಿಸಿ, ಅವು ಹಾಳಾಗುತ್ತಿವೆ. ಮೂರು ಪ್ರತಿ ಮಾಡಿ: ಒಂದು ನಿಮ್ಮಲ್ಲಿ ಒಬ್ಬರ ಮನೆಯಲ್ಲಿ, ಒಂದು ಬೇರೆ ಊರಿನಲ್ಲಿ, ಒಂದು ಆನ್‌ಲೈನ್. ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಹಾಕಬಹುದು, ಆದರೆ ಹಕ್ಕು ನಿಮ್ಮದಾದದ್ದನ್ನು ಅಥವಾ ಒಪ್ಪಿಗೆ ಇರುವುದನ್ನು ಮಾತ್ರ. ಮಕ್ಕಳ ಶಿಬಿರದ ಫೋಟೋಗಳನ್ನು ಅಪ್ಪ ಅಮ್ಮನನ್ನು ಕೇಳದೆ ಎಲ್ಲಿಯೂ ಹಾಕಬೇಡಿ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೇಟರಿಂಗ್ ಬೇಡ. ಜನವರಿ ಆದರೆ ಅವರೆಕಾಳು ಉಪ್ಪಿಟ್ಟು, ಬೇಸಿಗೆ ಆದರೆ ಚಿತ್ರಾನ್ನ ಮಜ್ಜಿಗೆ. ಟೀ ಎದುರಿನ ಅಂಗಡಿಯವರದ್ದೇ ಇರಲಿ, ಅವರಿಗೂ ಅದು ಕೊನೇ ವ್ಯಾಪಾರ.

ಸಾಲ

ಹಬ್ಬಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಮುಂಚೆ ಯಾರಿಗೆ ಎಷ್ಟು ಬಾಕಿ ಇದೆ ಅಂತ ಬರೆಯಿರಿ. ಪ್ರೆಸ್‌ನವರು, ಮೈಕ್‌ಸೆಟ್, ಕರೆಂಟ್ ಬಿಲ್, ಹಿಂದಿನ ವರ್ಷ "ಆಮೇಲೆ ಕೊಡ್ತೀವಿ ಅಣ್ಣ" ಅಂತ ಹೇಳಿ ಕಳಿಸಿದ ಕಲಾವಿದರು. ಈ ಬಾಕಿ ತೀರದೆ ಹೊಸ ಖರ್ಚು ಮಾಡಬೇಡಿ. ಅದೇ ಪ್ರೆಸ್‌ನಲ್ಲಿ ಕೊನೇ ಹಬ್ಬದ ಪಾಂಪ್ಲೆಟ್ ಸಾಲಕ್ಕೆ ಹೊಡೆಸುವುದು ಅನ್ಯಾಯ. ಜಾಗ ಮುಚ್ಚಿದ ಮೇಲೆ ಅವರು ಯಾರನ್ನು ಕೇಳಬೇಕು? ಜಾಹೀರಾತು ಕೊಡುವ ಅಂಗಡಿಯವರ ಹತ್ತಿರ "ಇದು ಕೊನೇ ಸಲ" ಅಂತ ನೇರವಾಗಿ ಹೇಳಿ, ಅವರು ಇಲ್ಲ ಅನ್ನುವುದು ಕಡಿಮೆ. ಫ್ಲೆಕ್ಸ್ ಹಾಕಿಸಬೇಡಿ, ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಬಟ್ಟೆ ಬ್ಯಾನರ್ ಬರೆಯುವವರು ಇನ್ನೂ ಇದ್ದಾರೆ, ಹುಡುಕಿ ಕೆಲಸ ಕೊಡಿ. ಸ್ಥಳೀಯ ಪತ್ರಿಕೆಗಳಿಗೆ, ಹಾಸನ ಆಕಾಶವಾಣಿಗೆ ಒಂದು ಪುಟದ ಸುದ್ದಿ ಬರೆದು ಕೊಟ್ಟರೆ ಅದೇ ಪ್ರಚಾರ.

ಜನರನ್ನು ದಾಟಿಸುವುದು ಅಂದೆನಲ್ಲ, ಅದು ಹೀಗೆ. ಕೊನೇ ಪ್ರದರ್ಶನ ಶುರುವಾಗುವ ಮುಂಚೆ ಮುಂದಿನ ನಾಟಕ ಎಲ್ಲಿ, ಯಾವಾಗ ಅಂತ ತೀರ್ಮಾನ ಆಗಿರಬೇಕು. ನೀವು ಮಾಡಬೇಕಾಗಿಲ್ಲ, ಬೇರೆ ಯಾರಾದರೂ. ಅರಕಲಗೂಡಿನ ಶಾಲೆಯ ಹಾಲ್ ಆಗಬಹುದು, ಯಾರದೋ ತೋಟದ ಕಾಫಿ ಕಣ ಆಗಬಹುದು, ಕೊಯ್ಲು ಮುಗಿದ ಮೇಲೆ ಅದು ಖಾಲಿ ತಾನೇ. ದೊಡ್ಡ ಪ್ರದರ್ಶನಕ್ಕೆ ಹಾಸನದಲ್ಲಿ ಹಾಸನಾಂಬ ಕಲಾಕ್ಷೇತ್ರ, ಚಿಕ್ಕಮಗಳೂರಿನಲ್ಲಿ ಕುವೆಂಪು ಕಲಾಮಂದಿರ ಇದೆ, ಬಾಡಿಗೆ ಸೇರಿಸಿ ಯೋಚಿಸಿ. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆ 1985ರಿಂದ ಊರೂರಿಗೆ ನಾಟಕ ಒಯ್ಯುವ ತಿರುಗಾಟ ನಡೆಸುತ್ತಿದೆ, ಊರಿನಲ್ಲಿ ಹೊಣೆ ಹೊರುವ ಒಂದು ಗುಂಪು ಇದ್ದರೆ ಅವರ ನಾಟಕ ಕರೆಸಬಹುದು, ಸ್ವಂತ ಕಟ್ಟಡ ಬೇಕಿಲ್ಲ. ಆ ಗುಂಪಿನವರು ಯಾರು ಅಂತ ಕೊನೇ ದಿನ ಸ್ಟೇಜ್ ಮೇಲೆ ಕರೆದು ತೋರಿಸಿ. ಪ್ರೇಕ್ಷಕರ ಫೋನ್ ನಂಬರ್ ಪಟ್ಟಿಯನ್ನು ಹಾಗೇ ಅವರ ಕೈಗೆ ಕೊಡಬೇಡಿ. ಬಾಗಿಲಲ್ಲಿ ಹೊಸ ನೋಟ್‌ಬುಕ್ ಇಡಿ, ಬೇಕಾದವರು ತಾವೇ ಬರೆಯುತ್ತಾರೆ. ವಾಟ್ಸಾಪ್ ಗುಂಪಿನ ಅಡ್ಮಿನ್ ಬದಲಾಯಿಸಿ ನೀವು ಹೊರಗೆ ಬನ್ನಿ. ಒಳಗೇ ಇದ್ದರೆ ಹೊಸಬರು ಏನು ಮಾಡಿದರೂ "ನಮ್ಮ ಕಾಲದಲ್ಲಿ" ಅಂತ ಶುರು ಮಾಡುತ್ತೀರಿ.

ಹಬ್ಬ ಮುಗಿದ ವಾರದೊಳಗೆ ಲೆಕ್ಕ ಹಾಕಿ ಎಲ್ಲರಿಗೂ ಕಾಣುವ ಹಾಗೆ ಹಾಕಿ: ಬಂದದ್ದು, ಹೋದದ್ದು, ಸಾಲಕ್ಕೆ ಕೊಟ್ಟದ್ದು, ಉಳಿದದ್ದು. ಗೋಡೆಯ ಮೊಳೆ ಕಿತ್ತು ತೂತು ಮುಚ್ಚಿ, ಊರಿನಲ್ಲಿ ಅಂಟಿಸಿದ ಪೋಸ್ಟರ್ ಕೀಳಿ. ಮೀಟರ್ ನಿಮ್ಮ ಹೆಸರಿನಲ್ಲಿದ್ದರೆ ಕರೆಂಟ್ ಕಂಪನಿಗೆ, ಅಂದರೆ ಹಾಸನದವರು ಸೆಸ್ಕ್‌ಗೆ, ಚಿಕ್ಕಮಗಳೂರಿನವರು ಮೆಸ್ಕಾಂಗೆ ಅರ್ಜಿ ಕೊಟ್ಟು ಕೊನೇ ರೀಡಿಂಗ್ ತೆಗೆಸಿ, ಠೇವಣಿ ವಾಪಸ್ ಕೇಳಿ. ಆ ದುಡ್ಡು ಸಂಘದ ಹೆಸರಿಗೇ ಬರುವುದರಿಂದ ಬ್ಯಾಂಕ್ ಖಾತೆಯನ್ನು ಎಲ್ಲಕ್ಕಿಂತ ಕೊನೆಗೆ ಮುಚ್ಚಿ. ಪಾಂಪ್ಲೆಟ್‌ಗಳಲ್ಲಿ ಇದ್ದ ಫೋನ್ ನಂಬರ್‌ಗೂ ಇನ್ನೊಂದು ವರ್ಷ ರೀಚಾರ್ಜ್ ಮಾಡಿಸಿ. ಬೇಸಿಗೆ ಶಿಬಿರ ಯಾವಾಗ ಅಂತ ಕೇಳುವವರು ಏಪ್ರಿಲ್‌ನಲ್ಲಿ ಫೋನ್ ಮಾಡೇ ಮಾಡುತ್ತಾರೆ. ಆ ಸಿಮ್ ಯಾರ ಹತ್ತಿರ ಇರಬೇಕು, ಅವರು ಮಕ್ಕಳನ್ನು ಯಾವ ಶಿಬಿರಕ್ಕೆ ಕಳಿಸಬೇಕು ಅನ್ನುವುದನ್ನೂ ಹಬ್ಬಕ್ಕೆ ಮುಂಚಿನ ಆ ಸರ್ವ ಸದಸ್ಯರ ಸಭೆಯ ನಡಾವಳಿಯಲ್ಲೇ ಸೇರಿಸಿ.